ಆರೂವರೆ ಕೋಟಿ ವರ್ಷದ ಕಲ್ಲಿಗೆ ಸೀಟು ಸಿಗಲಿಲ್ಲ

ಗೆಳೆಯರೇ, ಇವತ್ತು ಕಲಬುರಗಿ ಬಸ್ ನಿಲ್ದಾಣದಲ್ಲಿ ವಿಜ್ಞಾನ ಸೋತಿತು. ಕಮಲಾಪುರದ ನನ್ನ ಶಾಲೆಯ ಮಕ್ಕಳಿಗೆ ತೋರಿಸಲು ಒಯ್ಯುತ್ತಿದ್ದ ಕರಿಕಲ್ಲನ್ನು ಕಿಟಕಿ ಪಕ್ಕದ ಸೀಟಿನ ಮೇಲಿಟ್ಟು ಚಹಾ ಕುಡಿಯಲು ಇಳಿದಿದ್ದೆ. ಬಂದು ನೋಡಿದರೆ ಕಲ್ಲು ನೆಲದ ಮೇಲೆ, ಸೀಟಿನಲ್ಲಿ ಒಬ್ಬ ಅಜ್ಜಿ.

"ಯವ್ವಾ, ಸೀಟಿಗಿ ಕಲ್ಲ್ ಇಟ್ಟು ಹೋಗಿದ್ದೆ ನಾ."

ಅಜ್ಜಿ ತಮ್ಮ ಕರವಸ್ತ್ರ ಎತ್ತಿ ತೋರಿಸಿದರು. "ಸೀಟಿಗಿ ದಸ್ತಿ ಹಾಕ್ತಾರ್ರೀ ಮಾಸ್ತರ್. ಕಲ್ಲ್ ಯಾರಿಡ್ತಾರ?"

"ಅದು ಡೈನೋಸಾರ್ ಕಾಲದ್ದು! ಆರೂವರೆ ಕೋಟಿ ವರ್ಷ ಆಗ್ಯಾವ ಅದಕ್ಕ!"

"ಅಷ್ಟ್ ವರ್ಷ ಕುಂತೇ ಅದಲ್ಲ? ಕಮಲಾಪುರ ತನ ನಿಂತು ಬರ್ಲಿ ಬಿಡ್ರಿ."

ಇಡೀ ಬಸ್ಸು ನಕ್ಕಿತು. ಕಲ್ಲನ್ನು ಎದೆಗವಚಿಕೊಂಡು ದಾರಿಯುದ್ದಕ್ಕೂ ನಿಂತೇ ಬಂದೆ. ಡೈನೋಸಾರ್‌ಗಳು ಹೋದ ಮೇಲೆ ಭೂಮಿಗೆ ಮೊದಲು ಕರವಸ್ತ್ರ ಹಾಕಿದ್ದು ಈ ಅಜ್ಜಿಯ ಮನೆತನದವರೇ ಇರಬೇಕು.