ಗುತ್ಯಪ್ಪನ ಮೂರು ಬಂಗುಡೆ

ಗುತ್ಯಪ್ಪನ ಬೈಕಿನ ಹಾರ್ನು ಸಾಗರದ ಮಾರ್ಕೆಟ್ಟಿನಲ್ಲಿ ಒಮ್ಮೆ ಪೋಂಯ್ ಅಂದರೆ ಹೊಸನಗರದ ಬೆಕ್ಕುಗಳೆಲ್ಲ ಮೈಮುರಿದೆದ್ದು ಮೀಸೆ ನೆಕ್ಕಿಕೊಳ್ಳುತ್ತಿದ್ದವು. ಇದು ಅವನೇ ಹೇಳುವ ಮಾತು. ಬೈಕಿನ ಹಿಂದಿನ ಮೀನಿನ ಪೆಟ್ಟಿಗೆಯ ವಾಸನೆ ಹಿಡಿದು ಹೊರಡುವ ಬೆಕ್ಕುಗಳ ಮೆರವಣಿಗೆ ಎಷ್ಟು ಉದ್ದವೆಂದರೆ, ಒಂದು ಸಲ ಬಟ್ಟೆಮಲ್ಲಪ್ಪದ ಹತ್ತಿರ ಬಸ್ಸೊಂದು ಅರ್ಧ ಗಂಟೆ ನಿಂತು ಅವಕ್ಕೆ ದಾರಿ ಬಿಟ್ಟಿತಂತೆ. ಕಂಡಕ್ಟರು ಕೆಳಗಿಳಿದು ಎಣಿಸಲು ಹೋಗಿ, ಲೆಕ್ಕ ತಪ್ಪಿ, ಬೆಕ್ಕುಗಳಿಗೇ ಟಿಕೆಟ್ ಹರಿದುಕೊಟ್ಟು ಬಂದನಂತೆ.

"ನಂಬಿಕೆ ಇಲ್ದಿದ್ರೆ ಬೆಕ್ಕನ್ನೇ ಕೇಳಿ. ಟಿಕೆಟ್ ಇನ್ನೂ ಇಟ್ಕೊಂಡಿರ್ತದೆ" ಅನ್ನುತ್ತಿದ್ದ.

ಪಾತ್ರೆ ಹಿಡಿದು ಬರುವ ಹೆಂಗಸರು "ಮೀನು ತಾಜಾ ಇದ್ಯಾ ಗುತ್ಯಪ್ಪಣ್ಣ?" ಎಂದು ಕೇಳಿದರೆ ಅವನಿಗೆ ಹಬ್ಬ.

"ತಾಜಾನಾ? ಬೆಳಿಗ್ಗೆ ಹೊನ್ನಾವರದ ವ್ಯಾನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳ ಆಡ್ಕೊಂಡು ಬಂದಿದಾವೆ ಇವು. ನಾನೇ ಮೂರು ಬಂಗುಡೆ ತಿಂದು ಹೊರಟಿದ್ದು. ಕೆಟ್ಟಿದ್ರೆ ಇಷ್ಟೊತ್ತಿಗೆ ನಾನು ಬೈಕಿನ ಮೇಲಲ್ಲ, ಬೈಕು ನನ್ನ ಮೇಲೆ ಇರ್ತಿತ್ತು."

ಅವನ ಪೆಟ್ಟಿಗೆಯಲ್ಲಿ ಕಡಲ ಮೀನು ಮಾತ್ರ. ಡ್ಯಾಮಿನ ಹಿನ್ನೀರಿನ ಕಾಟ್ಲಾ ಮೀನು ಇಲ್ಲವಾ ಎಂದರೆ ಅದಕ್ಕೂ ಒಂದು ಕತೆ.

"ಅದು ಬೇಡ ಮಾರಾಯ್ತಿ. ಕರೆಂಟ್ ತೆಗೆಯೋ ನೀರಲ್ಲಿ ಬೆಳೆದ ಮೀನು, ಶಾಕ್ ಹೊಡೀತದೆ. ಬ್ಯಾಕೋಡಲ್ಲಿ ಒಬ್ಬ ತಿಂದು ಬಲ್ಬಿನ ಹಂಗೆ ಉರೀತಿದ್ದ. ಕೊನೆಗೆ ಹೆಂಡ್ತಿ ಕಾರ್ಗಲ್ಲಿನ ಕರೆಂಟ್ ಆಫೀಸಿಗೆ ಕರ್ಕೊಂಡು ಹೋಗಿ ಆಫ್ ಮಾಡಿಸ್ಕೊಂಡು ಬಂದ್ಲು."

ಬೆಕ್ಕಿನ ಮೆರವಣಿಗೆಯಲ್ಲಿ ಒಂದೆರಡು ಬೆಕ್ಕಾದರೂ ನಿಜ ಇದ್ದವು. ಮೂರು ಬಂಗುಡೆಯಲ್ಲಿ ಮಾತ್ರ ಒಂದು ಮುಳ್ಳೂ ನಿಜವಿರಲಿಲ್ಲ. ಗುತ್ಯಪ್ಪ ಮೀನು ಬಾಯಿಗಿಟ್ಟು ಆರು ವರ್ಷವಾಗಿತ್ತು.

ಅವನ ಹೆಂಡತಿಯ ಹೆಸರು ಗುತ್ಯಮ್ಮ. ಜಾತಕಕ್ಕಿಂತ ಮೊದಲು ಹೆಸರೇ ಕೂಡಿಬಂದಿದ್ದಕ್ಕೆ ಹಿರಿಯರು ಮುಂದೆ ಏನನ್ನೂ ವಿಚಾರಿಸದೆ ಮದುವೆ ಮಾಡಿ ಮುಗಿಸಿದರೆಂದು ಅವನು ಹೇಳುತ್ತಿದ್ದ. ಅಂಗಳದಲ್ಲಿ ನಿಂತು ಯಾರಾದರೂ "ಗುತ್ಯಾ" ಅಂದರೆ ಇಬ್ಬರೂ ಓಗೊಡುತ್ತಿದ್ದರು. "ಅರ್ಧ ಹೆಸರು ಕರೆದಿದ್ದಕ್ಕೆ ಅರ್ಧ ಜನ ಹೋದ್ರೆ ಸಾಕು" ಎಂದು ಒಳಗಿನಿಂದ ಮಗಳು ಸೌಜನ್ಯ ಕೂಗುತ್ತಿದ್ದಳು. ಮಾತು ಅಪ್ಪನದೇ ಅಚ್ಚು.

ಆಗ ಮನೆ ಬ್ಯಾಕೋಡಿನ ಹತ್ತಿರ ಇತ್ತು, ಅಂಗಳದಿಂದ ಹಿನ್ನೀರು ಕಾಣುತ್ತಿತ್ತು. ಮೀನಿನ ಸಾರು ಮಾಡಿದ ದಿನ ತಲೆ ಸೌಜನ್ಯಳದು.

"ಬಂಗುಡೆ ತಲೇಲಿ ತಿನ್ನೋಕೆ ಎಂತ ಇದೆಯೇ?" ಎಂದು ಗುತ್ಯಪ್ಪ ಕೆಣಕುತ್ತಿದ್ದ.

"ಬುದ್ಧಿ ಇದೆ. ನಿಮಗೆ ಈಗ ತಿಂದು ಪ್ರಯೋಜನ ಇಲ್ಲ ಬಿಡಿ ಅಪ್ಪಾ."

ಗುತ್ಯಮ್ಮ ಬಡಿಸುವ ಮೊದಲೇ ತಲೆಯನ್ನು ಸೌಟಿನಲ್ಲಿ ಎತ್ತಿ ಪಾತ್ರೆಯ ಮುಚ್ಚಳದ ಮೇಲೆ ಬೇರೆ ಇಡುತ್ತಿದ್ದಳು.

ಕಾಲೇಜಿನ ಕೊನೆಯ ವರ್ಷದಲ್ಲಿ, ಗೆಳತಿಯ ಮನೆಯಿಂದ ಬರುವಾಗ, ಸೌಜನ್ಯ ಕೂತ ತೆಪ್ಪ ಹಿನ್ನೀರಿನ ನಡುವೆ ಗಾಳಿಗೆ ಮಗುಚಿತು. ಜೊತೆಗಿದ್ದವರು ದಡ ಸೇರಿದರು. ಅವಳು ಸಿಗಲಿಲ್ಲ. ಮೀನು ಹಿಡಿಯುವವರು ಬಲೆ ಬಿಟ್ಟು ಹುಡುಕಿದರು, ಗುತ್ಯಪ್ಪನೂ ಹಗ್ಗ ಹಿಡಿದ. ಬಲೆ ಭಾರವಾದದ್ದು ಮೊದಲು ತಿಳಿದದ್ದು ಅವನ ಕೈಗೆ. ಮೀನಿನ ಭಾರ ಯಾವುದು, ಮೀನಲ್ಲದ್ದು ಯಾವುದು ಎಂದು ಆ ಕೈಗೆ ಗೊತ್ತಿತ್ತು.

ಇದರ ಮೇಲೆ ಅವನು ಯಾವತ್ತೂ ಕತೆ ಕಟ್ಟಲಿಲ್ಲ.

ನೀರು ಕಾಣದ ಜಾಗ ಬೇಕೆಂದು ಇಬ್ಬರೂ ಕೆಳದಿ ರಸ್ತೆಯಲ್ಲಿ ಮನೆ ಹಿಡಿದರು. ಮೀನು ಬಿಡುತ್ತೇವೆಂದು ಯಾವ ದೇವರ ಮುಂದೂ ಹೇಳಿಕೊಂಡಿರಲಿಲ್ಲ. ಅಡಿಗೆಮನೆಗೆ ಅದು ಬರುವುದು ತಾನಾಗಿ ನಿಂತಿತು. ಆಮೇಲೆ ಕೋಳಿ ನಿಂತಿತು, ಮೊಟ್ಟೆ ನಿಂತಿತು. ಹಾಲು ಇಬ್ಬರಿಗೂ ಮೊದಲೇ ಸೇರುತ್ತಿರಲಿಲ್ಲ. ಗಂಜಿ, ಚಟ್ನಿ, ಸೊಪ್ಪಿನ ಸಾರು, ಕಪ್ಪು ಚಾ. ಬೇರೆ ಕಸುಬು ಬಾರದ ಗುತ್ಯಪ್ಪ ದಿನವೂ ಮೀನು ಮಾರಿ, ಬಾವಿಕಟ್ಟೆಯಲ್ಲಿ ಸೋಪು ಸವೆಯುವಂತೆ ಕೈ ತಿಕ್ಕಿಕೊಂಡು ಒಳಗೆ ಬರುತ್ತಿದ್ದ.

ಹೋದ ಮಳೆಗಾಲದ ಕೊನೆಗೆ ಅವನ ಪಾದ ಜೋಮು ಹಿಡಿಯತೊಡಗಿತು. ನಾಲಿಗೆ ಉರಿ, ಮೈಯಲ್ಲಿ ಕಸುವಿಲ್ಲ. ಒಂದು ದಿನ ಮನೆಗೆ ಬಂದಾಗ ಒಂದೇ ಕಾಲಲ್ಲಿ ಚಪ್ಪಲಿ.

"ಇನ್ನೊಂದು ಎಲ್ಲಿ?" ಎಂದಳು ಗುತ್ಯಮ್ಮ.

ಅವನು ಕೆಳಗೆ ನೋಡಿಕೊಂಡ. ಬಿದ್ದದ್ದೇ ಗೊತ್ತಾಗಿರಲಿಲ್ಲ. "ಹೊಸನಗರದಲ್ಲಿ ಉಳೀತು ಕಾಣ್ತದೆ. ಅಲ್ಲೇ ಯಾವುದೋ ಚಪ್ಪಲಿ ಜೊತೆ ಸಂಸಾರ ಹೂಡಿರಬೇಕು."

ಆ ನಗೆ ಹೆಚ್ಚು ದಿನ ನಡೆಯಲಿಲ್ಲ. ಒಂದು ಬೆಳಿಗ್ಗೆ ಶಾಲೆ ಚೀಲ ಹೊತ್ತ ಹುಡುಗಿ ರಸ್ತೆ ದಾಟುತ್ತಿದ್ದಳು. ಬ್ರೇಕಿನ ಮೇಲೆ ಕಾಲು ಇದೆಯೆಂದು ಗುತ್ಯಪ್ಪ ಅಂದುಕೊಂಡಿದ್ದ. ಇರಲಿಲ್ಲ. ಬೈಕನ್ನು ಚರಂಡಿಗೆ ತಿರುಗಿಸಿದ. ಹುಡುಗಿಗೆ ಏನೂ ಆಗಲಿಲ್ಲ. ಚೆಲ್ಲಿದ ಮೀನಿನ ನಡುವೆ ಕೂತವನನ್ನು ನೋಡಿ ಅವಳೇ "ಪೆಟ್ಟಾಯ್ತಾ ಮಾಮಾ?" ಎಂದು ಕೇಳಿದಳು. ಮನೆಗೆ ಬಂದು ಗುತ್ಯಮ್ಮನಿಗೆ ಒಂದು ಸುಳ್ಳೂ ಸೇರಿಸದೆ ಎಲ್ಲ ಹೇಳಿದ.

ಗುತ್ಯಮ್ಮ ಸಾಗರದ ಡಾಕ್ಟರ್ ಚೈತ್ರಾ ಹತ್ತಿರ ಎಳೆದುಕೊಂಡು ಹೋದಳು. ರಕ್ತದ ರಿಪೋರ್ಟ್ ಬಂತು.

"ಬಿ ಟ್ವೆಲ್ವ್ ವಿಟಮಿನ್ ತೀರಾ ಕಮ್ಮಿ ಇದೆ. ನೀವು ಸಸ್ಯಾಹಾರಿನಾ?"

"ನಾನು ಮೀನು ಮಾರೋನು ಡಾಕ್ಟ್ರೇ."

"ಮಾರೋದು ಕೇಳಿಲ್ಲ. ತಿಂತೀರಾ?"

ಗುತ್ಯಪ್ಪ ಬಾಯಿ ತೆರೆದ. ಮೂರು ಬಂಗುಡೆ ನಾಲಿಗೆಯ ತುದಿಗೆ ಬಂದವು. ಪಕ್ಕದಲ್ಲಿ ಗುತ್ಯಮ್ಮ ಸೀರೆಯ ಸೆರಗು ನೋಡುತ್ತ ಕೂತಿದ್ದಳು. "ಇಲ್ಲ" ಅಂದ.

"ಇದು ಸಿಗೋದು ಮೀನು, ಮಾಂಸ, ಮೊಟ್ಟೆ, ಹಾಲಲ್ಲಿ" ಎಂದರು ಡಾಕ್ಟರು. "ಈಗ ಬರೀ ಊಟ ಸಾಲದು. ಇವತ್ತೊಂದು ಇಂಜೆಕ್ಷನ್ ಕೊಡ್ತೀನಿ, ಉಳಿದದ್ದಕ್ಕೆ ಬನ್ನಿ. ಗುಳಿಗೆ ಬಿಡಬೇಡಿ. ತಡ ಮಾಡಿದ್ರೆ ನರ ಹಾಳಾಗ್ತದೆ, ಆಮೇಲೆ ಪೂರ್ತಿ ಸರಿ ಹೋಗೋದು ಕಷ್ಟ."

ಗುತ್ಯಪ್ಪ ತಲೆಯಾಡಿಸಿ ಬಂದ. ಗುಳಿಗೆಯ ಹಾಳೆಯನ್ನು ತಕ್ಕಡಿಯ ಚೀಲದಲ್ಲಿಟ್ಟು ಮರೆತಂತೆ ಮಾಡಿದ. ಮರೆತಿರಲಿಲ್ಲ. ಮಗಳು ಹೋದ ಮೇಲೆ ಅವಳದ್ದೆಂದು ಅವನ ಮೈಯಲ್ಲಿ ಉಳಿದದ್ದು ಈ ಕೊರತೆ ಒಂದೇ ಎನಿಸಿತ್ತು. ಅದನ್ನು ಅಂಗಡಿಯ ಗುಳಿಗೆ ತುಂಬಿಬಿಟ್ಟರೆ ಅವಳಿಗೆಂದು ಬಿಟ್ಟದ್ದು ಏನು ಉಳಿಯಿತು? ಕಾಲು ಸತ್ತರೆ ಸಾಯಲಿ. ಆದರೆ ಹಾಗೆ ಅಂದುಕೊಂಡಾಗೆಲ್ಲ ಶಾಲೆ ಚೀಲದ ಹುಡುಗಿ ಕಣ್ಣ ಮುಂದೆ ರಸ್ತೆ ದಾಟುತ್ತಿದ್ದಳು.

ಒಂದು ಭಾನುವಾರ ತಕ್ಕಡಿ ತೊಳೆಯಲು ಹೋದ ಗುತ್ಯಮ್ಮನಿಗೆ ಹಾಳೆ ಸಿಕ್ಕಿತು. ಒಂದು ಗುಳಿಗೆಯೂ ಒಡೆದಿರಲಿಲ್ಲ.

"ಹೋಯ್, ಎಂತ ಇದು?"

"ಅದು ಉಷ್ಣ ಮಾರಾಯ್ತಿ. ಒಂದು ನುಂಗಿದ್ರೆ ನನ್ನ ತಲೆ ಮೇಲೆ ದೋಸೆ ಹೊಯ್ಯಬಹುದು."

ಅವಳು ನಗಲಿಲ್ಲ. "ಗುಳಿಗೆ ನುಂಗಿ, ಇಲ್ಲ ಮೀನು ತಿನ್ನಿ. ಎರಡೂ ಆಗಲ್ಲ ಅಂದ್ರೆ ಬೈಕಿನ ಕೀಲಿ ಇಲ್ಲಿಡಿ. ಇನ್ನೊಬ್ಬರ ಮನೆ ಹುಡುಗಿ ಮೇಲೆ ಹತ್ತಿಸಿ ಬಂದು ನಂಗೆ ಮುಖ ತೋರಿಸಬೇಡಿ."

ಅಷ್ಟಂದು ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ಬಂಗುಡೆ ತೆಗೆದುಕೊಂಡು ಒಳಗೆ ಹೋದಳು. ಆರು ವರ್ಷದ ಮೇಲೆ ಆ ಮನೆಯಲ್ಲಿ ಮೀನಿನ ಸಾರು ಕುದಿಯಿತು. ಗುತ್ಯಪ್ಪ ಜಗಲಿಯಲ್ಲಿ ಕೂತೇ ಇದ್ದ. ಒಳಗೆ ಹೆಂಡತಿ ಎರಡು ಸಲ ಮೂಗು ಸೀಟಿಕೊಂಡದ್ದು ಕೇಳಿಸಿತು. ಮೆಣಸಿನ ಘಾಟು ಇರಬೇಕೆಂದುಕೊಂಡ. ಅಲ್ಲವೆಂದು ಗೊತ್ತಿತ್ತು.

ಮಧ್ಯಾಹ್ನ ತಟ್ಟೆಯ ಮುಂದೆ ಕೂತ. ಅವಳು ಅನ್ನ ಬಡಿಸಿ, ಸಾರು ಹಾಕಿ, ನಡುವಿನ ತುಂಡನ್ನು ತಟ್ಟೆಗಿಟ್ಟಳು. ತಿನ್ನಲೇಬೇಕೆಂದು ಅವನು ಕೈಯಿಟ್ಟ. ತುತ್ತು ಕಲಸಿದ. ಎತ್ತುವಾಗ ಕಣ್ಣು ಪಾತ್ರೆಯ ಕಡೆ ಹೋಯಿತು.

ಮುಚ್ಚಳದ ಮೇಲೆ ಮೀನಿನ ತಲೆ ಬೇರೆ ಇಟ್ಟಿತ್ತು.

ಅವನು ನೋಡಿದ್ದನ್ನು ಗುತ್ಯಮ್ಮ ನೋಡಿದಳು. ಅಲ್ಲಿ ಇಟ್ಟದ್ದು ಅವಳಿಗೂ ತಿಳಿದದ್ದು ಆ ಕ್ಷಣವೇ. ಸೌಟು ಹಿಡಿದ ಕೈ ಹಾಗೇ ನಿಂತಿತು.

"ಕೈ..." ಅಂದಳು. "ಕೈ ತಾನಾಗೇ..."

ಗುತ್ಯಪ್ಪ ತುತ್ತನ್ನು ತಟ್ಟೆಗೆ ಬಿಟ್ಟ. "ಗುಳಿಗೆ ತಾ" ಅಂದ.

ತಂದಳು. ನೀರಿನ ಜೊತೆ ನುಂಗಿದ. ಆರು ವರ್ಷ ಇಬ್ಬರದೂ ಒಂದೇ ಊಟವೆಂಬುದು ಆಗ ಹೊಳೆದು ಕೇಳಿದ:

"ನಿಂಗೂ ಇದೆಯಾ ಜೋಮು?"

"ಕಾಲಿಗಿಲ್ಲ. ಬೆರಳಿಗೆ. ಹೂ ಕಟ್ಟೋಕೆ ಆಗಲ್ಲ, ದಾರ ಹಿಡಿದದ್ದೇ ಗೊತ್ತಾಗಲ್ಲ."

"ಯಾವಾಗಿಂದ?"

"ನಿಮ್ಮ ಚಪ್ಪಲಿ ಹೊಸನಗರದಲ್ಲಿ ಸಂಸಾರ ಹೂಡೋ ಮೊದಲಿಂದ."

ಅವನಿಗೆ ನಗು ಬಂತು. ನಗುತ್ತಲೇ ಎಡಗೈಯಿಂದ ಮುಖ ಮುಚ್ಚಿಕೊಂಡ. ಗುತ್ಯಮ್ಮ ತಟ್ಟೆ ಎತ್ತಲಿಲ್ಲ, ಪಕ್ಕದಲ್ಲಿ ಕೂತಳು. ಸಾರನ್ನು ಆಮೇಲೆ ಬೆಕ್ಕಿಗೆ ಹಾಕಿದರು. ತಲೆಯನ್ನು ಹಾಕಲು ಇಬ್ಬರಿಗೂ ಕೈ ಬರಲಿಲ್ಲ. ಅದು ಸಂಜೆಯವರೆಗೂ ಮುಚ್ಚಳದ ಮೇಲೇ ಇತ್ತು.

ಮಾರನೇ ದಿನ ಇಬ್ಬರೂ ಡಾಕ್ಟರ ಹತ್ತಿರ ಹೋದರು. ಗುತ್ಯಮ್ಮನ ರಿಪೋರ್ಟಿನಲ್ಲೂ ಅದೇ ಕೊರತೆ. ಇಂಜೆಕ್ಷನ್ ಮುಗಿಸಿ, ಈಗ ಬೆಳಗಿನ ಚಾ ಆದ ಮೇಲೆ ಎದುರುಬದುರು ಕೂತು ಗುಳಿಗೆ ನುಂಗುತ್ತಾರೆ. ಇವನು ಮರೆತರೆ ಅವಳು ಬೈಯುತ್ತಾಳೆ, ಅವಳು ಮರೆತರೆ ಇವನು. ಕಾಲಿಗೆ ನಿಧಾನವಾಗಿ ಜೀವ ಬಂತು. ಎಡಗಾಲಿನ ಎರಡು ಬೆರಳು ಮಾತ್ರ ಹಾಗೇ ಇವೆ. ಕೊರತೆ ಪೂರ್ತಿ ತುಂಬಲಿಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ಸಮಾಧಾನ.

ಕಾಲು ನಂಬುವಂತಾದ ಮೇಲೆ ಮತ್ತೆ ಬೈಕು ಹತ್ತಿದ. ಹೊಸನಗರದ ಕಡೆ ಒಂದು ಮನೆಗೆ ಹೊಸದಾಗಿ ಮದುವೆಯಾಗಿ ಬಂದ ಗಾನವಿ ಪಾತ್ರೆ ಹಿಡಿದು ನಿಂತಿದ್ದಳು. ಅವನ ಬಡಾಯಿ ಅತ್ತೆಯಿಂದ ಕೇಳಿ ತಿಳಿದಿದ್ದಳು. ಉಳಿದದ್ದನ್ನು ಯಾರೂ ಹೇಳಿರಲಿಲ್ಲ.

"ಇವತ್ತು ಎಷ್ಟು ತಿಂದು ಬಂದ್ರಿ ಗುತ್ಯಪ್ಪಣ್ಣ?"

"ಮೂರು."

"ತಲೆ ಸಮೇತನಾ?" ಎಂದು ನಕ್ಕಳು.

ಗುತ್ಯಪ್ಪ ತಕ್ಕಡಿಗೆ ಇನ್ನೊಂದು ಬಂಗುಡೆ ಹಾಕಿದ.

"ಇಲ್ಲಮ್ಮಾ. ತಲೆ ಎತ್ತಿಟ್ಟು ಬಂದೆ. ಅದು ನಮ್ಮ ಮಗಳಿಗೆ."

"ಎಂತ ಓದ್ತಿದಾಳೆ?"

"ಕಾಲೇಜು" ಅಂದ. "ಕೊನೇ ವರ್ಷ."

ಮೀನು ಅವಳ ಪಾತ್ರೆಗೆ ಸುರಿದು, ಬ್ರೇಕಿನ ಮೇಲೆ ಕಾಲಿಟ್ಟು, ಕಾಲು ಅಲ್ಲೇ ಇದೆಯೇ ಎಂದು ಒಮ್ಮೆ ಬಗ್ಗಿ ನೋಡಿಕೊಂಡು, ಹಾರ್ನು ಒತ್ತಿ ಹೊರಟ. ಹಿಂದೆ ಒಂದೇ ಒಂದು ಬೆಕ್ಕು ಬಂತು. ಅದೂ ತಿರುವಿನವರೆಗೆ.