ಪಾಸಾದದ್ದು ನಾನು, ಫೇಲಾದದ್ದು ಸರೋಜಮ್ಮ

ಸರೋಜಮ್ಮನವರ ತಲೆಗೆ ಏನೂ ಆಗಿಲ್ಲ. ನಾನು ಕಾಪಿ ಹೊಡೆದೆ. ನಡೆದದ್ದು ಇಷ್ಟೇ.

ಉಳಿದದ್ದೆಲ್ಲ ವಿವರ. ವಿವರ ಹೇಳದೆ ಬಿಟ್ಟರೆ ನನಗೆ ಸುಲಭ. ಅದಕ್ಕೇ ಹೇಳುತ್ತಿದ್ದೇನೆ.

ಈ ಅಂಕಣ ಓದುವವರಿಗೆ ನನ್ನ ಬಾಯಿ ಗೊತ್ತು. ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ಮದುವೆಮನೆಯ ಪಂಕ್ತಿಯಲ್ಲೇ ಹೇಳುವವಳು ನಾನು. ಪಕ್ಕದ ಬ್ಲಾಕಿನವರ ಹೊಸ ಸೋಫಾ ಕಲ್ಲುಬೆಂಚಿನಂತಿದೆ ಎಂದು ಅದರ ಮೇಲೆ ಕೂತೇ ಹೇಳಿದ್ದೇನೆ. (ಅವರು ಆಮೇಲೆ ನಮ್ಮನ್ನು ಕರೆದಿಲ್ಲ. ಅದು ಬೇರೆ ಮಾತು.) ಇಂಥವಳನ್ನು ಒಂದು ಕಡೆ, ತಪ್ಪು ಹುಡುಕಲೆಂದೇ, ಕಾಫಿ ಬಿಸ್ಕತ್ತು ಕೊಟ್ಟು ಕರೆದರು. ಅಲ್ಲಿ ಹೋಗಿ ಹಲ್ಲು ಕಿರಿದು ಬಂದೆ.

ಕರೆದವಳು ಚೈತ್ರಾ. ನನ್ನ ಮಗಳು ವಸುಧಾಳ ಗೆಳತಿ. ಮೈಸೂರಿನ ಹುಡುಗಿ, ಇಲ್ಲಿ ಸಿಂಗಪುರದ ಬುಕಿತ್ ಪಂಜಾಂಗಿನಲ್ಲಿ ಮನೆ, ಪಾಯಾ ಲೆಬಾರಿನಲ್ಲಿ ಆಫೀಸು. ಆಪ್‌ಗಳಲ್ಲಿ ಯಾವ ಬಟನ್ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂದು ಯೋಚಿಸುವುದು ಅವಳ ಕೆಲಸ. ‘ಇದಕ್ಕೂ ಸಂಬಳ ಕೊಡ್ತಾರೇನೇ?’ ಎಂದು ಒಮ್ಮೆ ಕೇಳಿದ್ದೆ. ಈಗ ಕೇಳಿದರೆ, ಇನ್ನೂ ಸ್ವಲ್ಪ ಹೆಚ್ಚು ಕೊಡಲಿ ಎನ್ನುತ್ತೇನೆ.

ಅವಳ ತಂಡದವರು ವಯಸ್ಸಾದವರಿಗೆಂದು ಒಂದು ಆಪ್ ಮಾಡಿದ್ದರು. ಯಾವ ಆಸ್ಪತ್ರೆ, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಒತ್ತಿದರೆ ವ್ಯಾನು ನಮ್ಮ ಬ್ಲಾಕಿನ ಕೆಳಗೇ ಬಂದು ನಿಲ್ಲುತ್ತದೆ. ಅದನ್ನು ಎಲ್ಲರ ಕೈಗೂ ಕೊಡುವ ಮೊದಲು ನಮ್ಮಂಥವರಿಂದ ಮಾಡಿಸಿ ನೋಡಬೇಕಿತ್ತು.

“ಆಂಟಿ, ನೀವೇ ಬರ್ಬೇಕು. ಇಂಗ್ಲಿಷು, ಕಂಪ್ಯೂಟರು ಗೊತ್ತಿಲ್ದೋರೇ ನಮಗೆ ಬೇಕು. ಓದಿರೋರು ಹೇಗೋ ಒದ್ದಾಡಿ ಮಾಡ್ಕೊಂಡ್ಬಿಡ್ತಾರೆ.”

“ಅಂದ್ರೆ ಒಬ್ಬಳು ದಡ್ಡಿ ಬೇಕು ಅನ್ನು.”

“ಅಯ್ಯೋ, ಹಂಗಲ್ಲ ಆಂಟಿ! ನಾವು ಟೆಸ್ಟ್ ಮಾಡೋದು ನಿಮ್ಮನ್ನಲ್ಲ, ಆಪ್‌ನ. ನೀವು ತಪ್ಪು ಒತ್ತಿದ್ರೆ ಅದು ನಮ್ಮ ತಪ್ಪು.”

ಮಾತು ಕಿವಿಗೆ ಬಿತ್ತು. ನಾನು ನಂಬಲಿಲ್ಲ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳಿಗೆ ಟೆಸ್ಟ್ ಅಂದರೆ ಟೆಸ್ಟೇ. ಅದರಲ್ಲೂ ಡಿಗ್ರಿ ಆದವರೇ ತುಂಬಿರುವ ಆಫೀಸಿನಲ್ಲಿ. ಅಲ್ಲಿ ತಡವರಿಸಿ, ಅವರೆಲ್ಲ ‘ಪಾಪ’ ಎಂಬಂತೆ ನೋಡುವುದು ನನಗೆ ಬೇಕಿರಲಿಲ್ಲ.

ಹಿಂದಿನ ದಿನ ಸಂಜೆ ಚೈತ್ರಾ ಲಿಂಕ್ ಕಳಿಸಿದಳು. ಇನ್‌ಸ್ಟಾಲ್ ಮಾಡಿ ಇಟ್ಟಿರಿ, ಓಪನ್ ಮಾತ್ರ ಮಾಡಬೇಡಿ ಎಂದು ಮೆಸೇಜು.

ನೀವೇ ಹೇಳಿ. ಪ್ರಶ್ನೆಪತ್ರಿಕೆ ಹಿಂದಿನ ದಿನವೇ ಮನೆಗೆ ಬಂದರೆ, ನಮ್ಮ ಜನದಲ್ಲಿ ಯಾರು ಅದನ್ನು ಬಿಚ್ಚದೆ ಇಡುತ್ತಾರೆ?

ನಾವೂ ಇಡಲಿಲ್ಲ. ಅಳಿಯ ಪ್ರಕಾಶ ಓದುವ ಕಾಲಕ್ಕೆ ರ‍್ಯಾಂಕ್ ಬಂದವನು. ಟಿವಿ ಆರಿಸಿದ. ವಸುಧಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ನಮ್ಮ ಹೌಗಾಂಗಿನ ಮನೆಯ ಊಟದ ಮೇಜು ಎಸ್ಸೆಸ್ಸೆಲ್ಸಿ ಟ್ಯೂಷನ್ ಆಯಿತು.

ಮೊದಲ ಸಲ ಮಾಡಿದೆ. ಆಸ್ಪತ್ರೆ ಒತ್ತಿದೆ, ತಾರೀಖು ಒತ್ತಿದೆ, ಹೊತ್ತು ಒತ್ತಿದೆ. ಪರದೆ ತುಂಬ ದೊಡ್ಡದೊಂದು ಹಸಿರು ಟಿಕ್ ಬಂತು. ಫೋನು ಕೆಳಗಿಟ್ಟು, “ಆಯ್ತು,” ಎಂದೆ.

“ಆಗಿಲ್ಲ ಕಣಮ್ಮ,” ಎಂದಳು ವಸುಧಾ. “ಅದು ವ್ಯಾನ್ ಖಾಲಿ ಇದೆ ಅಂತ ಅಷ್ಟೇ. ಬುಕ್ ಮಾಡೋಕೆ ಕೆಳಗಡೆ ಇನ್ನೊಂದು ಬಟನ್ ಇದೆ.”

“ಎಲ್ಲೇ ಇದೆ? ಕಾಣ್ತಾನೇ ಇಲ್ಲ.”

“ಕಾಣಲ್ಲ. ಬೆರಳಲ್ಲಿ ಮೇಲಕ್ಕೆ ತಳ್ಳಿದ್ರೆ ಕಾಣುತ್ತೆ.”

“ಕಾಣ್ದೇ ಇರೋದು ಅಲ್ಲಿದೆ ಅಂತ ನನಗೆ ಯಾರು ಹೇಳ್ಬೇಕು?”

“ಒಳ್ಳೇ ಪ್ರಶ್ನೆ ಅತ್ತೆ,” ಎಂದ ಪ್ರಕಾಶ. “ಆದ್ರೆ ನಾಳೆ ಅಲ್ಲಿ ಕೇಳ್ಬೇಡಿ. ಸುಮ್ನೆ ಮೇಲಕ್ಕೆ ತಳ್ಳಿಬಿಡಿ.”

ಮೂರು ಸಲ ಅದೇ ಜಾಗದಲ್ಲಿ ಬಿದ್ದೆ. ನಾಲ್ಕನೇ ಸಲಕ್ಕೆ ದಾರಿಗೆ ಬಂದೆ. ಆಮೇಲೆ ಮಗ್ಗಿಯ ಹಾಗೆ ಉರು ಹೊಡೆದೆ. ಮೂರನೇ ಚಿತ್ರ, ಆಸ್ಪತ್ರೆ, ತಾರೀಖು, ಹೊತ್ತು, ಹಸಿರು, ಮೇಲಕ್ಕೆ ತಳ್ಳು, ಒತ್ತು. ಸ್ನಾನ ಮಾಡುವಾಗಲೂ ಅದೇ ಜಪ.

ಮಾರನೆಯ ದಿನ ರೇಷ್ಮೆ ಸೀರೆ ಉಟ್ಟು ಹೋದೆ. ಸಣ್ಣ ಕೋಣೆ. ನನ್ನ ಕೈಬೆರಳು ಹಿಡಿಯಲು ಮೇಲೊಂದು ಕ್ಯಾಮೆರಾ. ಮೂಲೆಯಲ್ಲಿ ನೋಟ್‌ಬುಕ್ ಹಿಡಿದ ಚೀನಿ ಹುಡುಗಿ. ಚೈತ್ರಾ ಹೇಳಿದಳು, “ಆಂಟಿ, ಮನಸ್ಸಿಗೆ ಬಂದಿದ್ದೆಲ್ಲ ಬಾಯಿಬಿಟ್ಟು ಹೇಳ್ತಾ ಇರಿ. ಬೈದ್ರೂ ಪರವಾಗಿಲ್ಲ. ನಾನು ಮಾತ್ರ ಹೆಲ್ಪ್ ಮಾಡಲ್ಲ.”

ಬೈಯಲು ಅಪ್ಪಣೆ! ಮದುವೆಯಾದಾಗಿನಿಂದ ಯಾರಾದರೂ ನನಗೆ ಇಂಥ ಅಪ್ಪಣೆ ಕೊಟ್ಟಿದ್ದಾರೆಯೇ? ನಾನು ಏನೆಂದೆ ಗೊತ್ತೇ?

“ತುಂಬಾ ಈಸಿ ಇದೆಯಮ್ಮ.”

ಎರಡು ನಿಮಿಷದೊಳಗೆ ಮುಗಿಸಿದೆ. ಹಸಿರು ಟಿಕ್ ಬಂದಾಗ ನಿಲ್ಲಲೂ ಇಲ್ಲ, ಸರ‍್ರನೆ ಮೇಲಕ್ಕೆ ತಳ್ಳಿ ಒತ್ತಿದೆ. ಚೈತ್ರಾ ಬಗ್ಗಿ ಕೇಳಿದಳು, “ಆಂಟಿ, ಈ ಕೊನೇ ಬಟನ್ ಇದೆಯಲ್ಲ, ಇದು ಸಿಗೋದು ಕಷ್ಟ ಆಗ್ಲಿಲ್ವಾ?”

ಸರಿಯಾಗಿ ನೋವಿರುವ ಹಲ್ಲಿನ ಮೇಲೇ ಬೆರಳಿಟ್ಟು ಕೇಳಿದ್ದಳು ಹುಡುಗಿ.

“ಇದೇನ್ ಮಹಾ,” ಎಂದೆ.

ಇಬ್ಬರೂ ಚಪ್ಪಾಳೆ ತಟ್ಟಿದರು. ನಾನು ಸೆರಗು ಸರಿಮಾಡಿಕೊಂಡೆ.

ಕೆಲವು ವಾರ ಕಳೆದು ಆಪ್ ಹೊರಬಂತು. ಚೈತ್ರಾ ಮೈಸೂರು ಪಾಕಿನ ಡಬ್ಬಿ ಹಿಡಿದು ಮನೆಗೆ ಬಂದಳು. ಟೆಸ್ಟಿಗೆ ಕೂತ ಬೇರೆ ಕೆಲವರು ಆ ಕೊನೆಯ ಬಟನ್ನಿನ ಹತ್ತಿರ ತಡವರಿಸಿದ್ದರಂತೆ. ಅದನ್ನು ಮೇಲಕ್ಕೆ ತರೋಣ ಎಂದು ಇವಳು ಹೇಳಿದ್ದಳಂತೆ. ಆಗ ಮ್ಯಾನೇಜರು ಮೀಟಿಂಗಿನಲ್ಲಿ ನನ್ನ ವಿಡಿಯೋ ಹಾಕಿಸಿ, ಎಲ್ಲರಿಗಿಂತ ಕಡಿಮೆ ಓದಿದ ಈ ಆಂಟಿಯೇ ಸಲೀಸಾಗಿ ಮಾಡಿದ್ದಾರೆ, ಇದಕ್ಕಾಗಿ ಇನ್ನೊಂದು ತಿಂಗಳು ಕಾಯುವುದು ಬೇಡ ಎಂದರಂತೆ.

“ಸ್ಟಾರ್ ಆಗ್ಬಿಟ್ರಿ ಆಂಟಿ!” ಎಂದಳು ಚೈತ್ರಾ.

ಬಾಯಿಬಿಡಲು ಅದು ಎರಡನೆಯ ಅವಕಾಶ. ಬಾಯಿ ಬಿಟ್ಟೆ, ಮೈಸೂರು ಪಾಕ್ ಹಾಕಿಕೊಳ್ಳಲು.

ಅಷ್ಟಕ್ಕೇ ನಿಂತಿದ್ದರೆ ಇದು ನನ್ನ ಹೊಟ್ಟೆಯೊಳಗೇ ಜೀರ್ಣವಾಗುತ್ತಿತ್ತು. ಆದರೆ ನಮ್ಮ ಬ್ಲಾಕಿನ ಐದನೇ ಮಹಡಿಯಲ್ಲಿ ಸರೋಜಮ್ಮ ಇದ್ದಾರೆ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವರು, ಇಲ್ಲಿ ಮಗ ಸೊಸೆಯ ಜೊತೆ ಇರುವವರು. ಇಂಗ್ಲಿಷ್ ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ. ಸಂಜೆ ಬ್ಲಾಕಿನ ಬುಡದಲ್ಲಿ ಗೋಡೆಯಿಲ್ಲದೆ ಖಾಲಿ ಬಿಟ್ಟ ವಾಯ್ಡ್ ಡೆಕ್ಕಿನ ಕಲ್ಲುಮೇಜಿನ ಹತ್ತಿರ ನಾವಿಬ್ಬರೂ ಕೂರುತ್ತೇವೆ. ಅವರು ಹೇಳುತ್ತಾರೆ, ನಾನು ಕೇಳುತ್ತೇನೆ. ಹೇಳುವುದಕ್ಕೆ ನನಗೂ ಒಂದು ಸಿಕ್ಕಿತಲ್ಲ! ಬಿಡುತ್ತೇನೆಯೇ?

“ಅಷ್ಟು ಈಸಿ ಕಣ್ರೀ ಸರೋಜಮ್ಮ. ನಾನೇ ಒಂದೇ ಏಟಿಗೆ ಮಾಡಿದೆ, ನಿಮಗೇನು?”

ಅವರಿಗೆ ಕಣ್ಣಿನ ಪೊರೆ ತೆಗೆಸುವುದಿತ್ತು. ಮಗ ರಮೇಶ ರಜೆ ಹಾಕುತ್ತೇನೆ ಎಂದರೆ ಬೇಡ ಎಂದರು. ಪಾರ್ವತಮ್ಮ ಹೇಳಿದ ಆಪ್ ಇದೆ, ವ್ಯಾನಿನಲ್ಲಿ ಹೋಗುತ್ತೇನೆ, ವಾಪಸು ಬರುವಾಗ ನೀನು ಬಂದರೆ ಸಾಕು ಎಂದರು. (ಪಾರ್ವತಮ್ಮ ಅಂದರೆ ನಾನೇ.)

ಅವತ್ತು ಬೆಳಿಗ್ಗೆ ಫೈಲು ತೊಡೆಯ ಮೇಲಿಟ್ಟುಕೊಂಡು ವಾಯ್ಡ್ ಡೆಕ್ಕಿನಲ್ಲಿ ಒಂದೂವರೆ ಗಂಟೆ ಕೂತಿದ್ದರಂತೆ. ವ್ಯಾನು ಬರಲಿಲ್ಲ. ಎಲ್ಲಿಂದ ಬರುತ್ತದೆ? ಹಸಿರು ಟಿಕ್ ನೋಡಿ ಅವರೂ ಫೋನು ಕೆಳಗಿಟ್ಟಿದ್ದರು. ರಮೇಶ ಆಫೀಸಿನಿಂದ ಓಡಿಬಂದು ಟ್ಯಾಕ್ಸಿಯಲ್ಲಿ ಕರೆದೊಯ್ಯುವ ಹೊತ್ತಿಗೆ ಆಪರೇಷನ್ ಸರದಿ ತಪ್ಪಿತ್ತು. ಇನ್ನು ಒಂದೂವರೆ ತಿಂಗಳು ಕಾಯಬೇಕು.

ಇದೊಂದೂ ಗೊತ್ತಿಲ್ಲದೆ, ಕಣ್ಣು ಹೇಗಿದೆ ನೋಡೋಣ ಎಂದು ಸಂಜೆ ತಿಳಿಸಾರು ತೆಗೆದುಕೊಂಡು ಹೋದೆ. ಸರೋಜಮ್ಮ ಸೋಫಾದ ತುದಿಯಲ್ಲಿ ಕೂತಿದ್ದರು. ಬೇರೆಯವರ ಮನೆಗೆ ಬಂದವರು ಕೂರುವ ಹಾಗೆ.

ರಮೇಶ ನಡೆದದ್ದನ್ನೆಲ್ಲ ಹೇಳಿ, ದನಿ ತಗ್ಗಿಸಿದ. “ಇದೊಂದೇ ಅಲ್ಲ ಆಂಟಿ. ಹೋದ ವಾರ ಸ್ಟವ್ ಮೇಲೆ ಹಾಲಿಟ್ಟು ಮರೆತಿದ್ರು. ಈಗ ಬುಕ್ ಮಾಡಿದೀನಿ ಅಂತಾರೆ, ನೋಡಿದ್ರೆ ಬುಕ್ಕೇ ಆಗಿಲ್ಲ. ಮೆಮೊರಿ ಡಾಕ್ಟರ್‌ಗೆ ತೋರಿಸೋಣ ಅಂತ ಡೇಟ್ ತಗೊಂಡಿದೀನಿ. ಅಲ್ಲೀವರೆಗೂ ಅಮ್ಮ ಒಬ್ಬರೇ ಕೆಳಗೆ ಇಳಿಯೋದು ಬೇಡ.”

“ನಾನು ಮಾಡಿದ್ದೆ ಕಣೋ,” ಎಂದರು ಸರೋಜಮ್ಮ. “ಹಸಿರು ಬಂತು. ನೋಡಿದೀನಿ.”

“ಅಮ್ಮಾ, ಪ್ಲೀಸ್. ನಾಲ್ಕನೇ ಕ್ಲಾಸ್ ಓದಿರೋ ಆಂಟೀನೇ ಒಂದೇ ಸಲಕ್ಕೆ ಮಾಡಿದಾರೆ. ಅಲ್ವಾ ಆಂಟಿ?”

ನಾನು “ಹೂಂ” ಎಂದೆ.

ಸರೋಜಮ್ಮ ನನ್ನ ಮುಖ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. “ಹಾಗಾದ್ರೆ ನನಗೇ ಏನೋ ಆಗಿದೆ ಬಿಡಿ,” ಎಂದರು.

ತಿಳಿಸಾರಿನ ಪಾತ್ರೆ ಅಲ್ಲೇ ಇಟ್ಟು ಬಂದುಬಿಟ್ಟೆ. ಲಿಫ್ಟಿನೊಳಗೆ ನಿಂತು, ನಮ್ಮ ಮಹಡಿಯ ಬಟನ್ ಒತ್ತಿದೆ. ದೀಪ ಹತ್ತಿತು. ಸರಿ, ನೀನು ಒತ್ತಿದ್ದು ನನಗೆ ಗೊತ್ತಾಯಿತು ಎಂದು ಲಿಫ್ಟು ಹೇಳಿತು, ಅಷ್ಟೇ. ಮಹಡಿ ಬಂತು ಎಂದು ಹೇಳಲಿಲ್ಲ. ಮಹಡಿ ಬಂದ ಮೇಲೆ ಬಾಗಿಲು ತೆರೆಯಿತು. ಇಷ್ಟು ಸಣ್ಣ ಮಾತು. ಆದದ್ದಕ್ಕೆ ಆಯಿತೆನ್ನಬೇಕು, ಆಗದ್ದಕ್ಕೆ ಆಗಿಲ್ಲ ಎನ್ನಬೇಕು. ಮುಂದೆ ಒತ್ತಬೇಕಾದದ್ದು ಕಣ್ಣಿಗೆ ಬೀಳಬೇಕು. ಇದು ಮೂರು ಸಲ ಬಿದ್ದ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಗೊತ್ತುಮಾಡಿಕೊಳ್ಳಲೆಂದೇ ಕರೆದವರಿಗೆ ಹೇಳಲಿಲ್ಲ.

ನಮ್ಮ ಹೆಂಗಸರ ಒಂದು ರೋಗವಿದೆ. (ಗಂಡಸರದ್ದು ಅವರೇ ಬರೆದುಕೊಳ್ಳಲಿ.) ವಸ್ತು ಕೈಕೊಟ್ಟರೆ ನಮ್ಮನ್ನೇ ಬೈದುಕೊಳ್ಳುತ್ತೇವೆ. ನಲ್ಲಿ ಯಾವ ಕಡೆಗೆ ತಿರುಗಿಸಬೇಕೋ ತಿಳಿಯದೆ ಬಿಸಿನೀರು ಮೈಮೇಲೆ ಬಿದ್ದರೆ ‘ನನಗೆ ಬುದ್ಧಿಯಿಲ್ಲ’ ಎನ್ನುತ್ತೇವೆ. ನಲ್ಲಿ ಮಾಡಿದವನಿಗೆ ಬುದ್ಧಿಯಿಲ್ಲ ಎನ್ನುವುದಿಲ್ಲ. ಸರೋಜಮ್ಮ ಎಷ್ಟು ಓದಿದ್ದರೇನು, ಅವರೂ ತಮ್ಮ ತಲೆಯನ್ನೇ ಬೈದುಕೊಂಡರು. ಬೈದುಕೊಳ್ಳಲು ಸಾಕ್ಷಿ ಹೇಳಿದವಳು ನಾನು.

ಮನೆಯಲ್ಲಿ ಹೇಳಿದಾಗ ವಸುಧಾ, “ಈಗ ಹೇಳಿದ್ರೆ ಚೈತ್ರಾಗೆ ಆಫೀಸಲ್ಲಿ ಪ್ರಾಬ್ಲಮ್ ಆಗುತ್ತಮ್ಮ,” ಎಂದಳು. ಪ್ರಕಾಶ ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ. ಕಾಪಿ ಹೊಡೆಸಿದವರು ಯಾವತ್ತೂ ಹೀಗೇ.

ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಐದನೇ ಮಹಡಿಯ ಬಾಗಿಲು ಬಡಿದೆ. ರಮೇಶ ಆಫೀಸಿಗೆ ಹೊರಡುವ ಮೊದಲೇ ಸಿಗಬೇಕಿತ್ತು. ಅವನು ಶೂ ಹಾಕುತ್ತಿದ್ದ. ಸರೋಜಮ್ಮ ಹಿಂದೆ ನಿಂತಿದ್ದರು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಹಿಂದಿನ ದಿನ ಬಂದ ಲಿಂಕು, ಊಟದ ಮೇಜು, ಮೂರು ಸಲ ಬಿದ್ದದ್ದು, ಉರು ಹೊಡೆದದ್ದು.

“ಹೋಗ್ಲಿ ಬಿಡಿ ಆಂಟಿ, ಅದೇನ್ ದೊಡ್ಡ ವಿಷ್ಯ,” ಎಂದ.

“ದೊಡ್ಡದೇ ಕಣಪ್ಪ. ಇದಕ್ಕೋಸ್ಕರ ಡಾಕ್ಟರ್ ಹತ್ರ ಕರ್ಕೊಂಡು ಹೋಗೋದಾದ್ರೆ ನನ್ನನ್ನೂ ಕರ್ಕೊಂಡು ಹೋಗು. ನಾನೂ ಅಲ್ಲೇ ಬಿದ್ದಿದೀನಿ.”

ಸರೋಜಮ್ಮ ಒಳಗೆ ಹೋಗಿ ತಮ್ಮ ಫೋನು ತಂದರು. ನನಗೆ ಕೊಡಲಿಲ್ಲ. ಮಗನ ಕೈಯಲ್ಲಿಟ್ಟರು.

“ನೀನು ಮಾಡು.”

“ಅಮ್ಮಾ, ನನಗೆ ಲೇಟಾಗುತ್ತೆ.”

“ಮಾಡು ಅಂದೆ.”

ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಹುಡುಗ. ಟಕಟಕ ಒತ್ತಿದ. ಪರದೆ ಹಸಿರಾಯಿತು. “ಆಯ್ತು, ತಗೊಳ್ಳಿ,” ಎಂದು ಫೋನು ವಾಪಸು ಚಾಚಿದ.

ಸರೋಜಮ್ಮ ತೆಗೆದುಕೊಳ್ಳಲಿಲ್ಲ. ಅವನ ಕೈ ಹಾಗೇ ಗಾಳಿಯಲ್ಲಿತ್ತು. ನಮ್ಮಿಬ್ಬರ ಮುಖ ನೋಡಿದ, ಮತ್ತೆ ಪರದೆ ನೋಡಿದ. ಬೆರಳಿಂದ ಮೇಲಕ್ಕೆ ತಳ್ಳಿದ. ಕಿವಿ ಕೆಂಪಾಯಿತು. ಅಲ್ಲೇ ನಿಂತು ತನ್ನ ಫೋನು ತೆಗೆದು ಮೆಮೊರಿ ಡಾಕ್ಟರ ಡೇಟು ಕ್ಯಾನ್ಸಲ್ ಮಾಡಿದ. “ಸಾರಿ ಅಮ್ಮ,” ಎಂದು ಹೇಳಿ ಲಿಫ್ಟಿನ ಕಡೆ ಹೋದ.

ಉಳಿದವರು ನಾವಿಬ್ಬರು. ಕ್ಷಮಿಸಿ ಎಂದೆ.

“ನನ್ನ ಸ್ಕೂಲಲ್ಲಿ ಕಾಪಿ ಹೊಡೆದವರು ಸಿಕ್ಕಿದ್ರೆ ಬೈತಿದ್ದೆ, ಬಿಡ್ತಿದ್ದೆ,” ಎಂದರು ಸರೋಜಮ್ಮ. “ತಮ್ಮ ತಪ್ಪಿಗೆ ಪಕ್ಕದವಳಿಗೆ ಬೈತಾ ಇದ್ದಾಗ ಸುಮ್ನೆ ಕೂತೋರನ್ನ ಬಿಡ್ತಿರಲಿಲ್ಲ.” ಬಾಗಿಲು ಹಾಕಿಕೊಂಡರು. ಜೋರಾಗಿ ಹಾಕಲಿಲ್ಲ. ಅದೇ ಹೆಚ್ಚು ನೋವಾಯಿತು.

ಕಾರಿಡಾರಿನಲ್ಲೇ ನಿಂತು ಚೈತ್ರಾಳಿಗೆ ಫೋನ್ ಮಾಡಿದೆ. ಅವಳಿಗೂ ಮೊದಲಿಂದ ಕೊನೆವರೆಗೆ ಹೇಳಿದೆ. “ಇವತ್ತೇ ಮ್ಯಾನೇಜರ್‌ಗೆ ಹೇಳ್ತೀನಿ ಆಂಟಿ. ಆ ಬಟನ್ ಮೇಲೆ ತರ್ಲೇಬೇಕು,” ಎಂದಳು.

“ನನ್ನ ವಿಡಿಯೋ ಅಳಿಸಿಬಿಡಮ್ಮ.”

“ಇಲ್ಲ ಆಂಟಿ, ಅಳಿಸಲ್ಲ. ಟೀಮಿಗೆ ಹೊಸದಾಗಿ ಸೇರೋರಿಗೆಲ್ಲ ತೋರಿಸ್ತೀನಿ. ಚೆನ್ನಾಗಿದೆ ಅಂತ ಬಾಯಲ್ಲಿ ಹೇಳಿದ್ರೆ ನಂಬಬಾರದು ಅಂತ. ನಿಮ್ಮ ಮುಖ ಕಾಣ್ದಿರೋ ಹಾಗೆ ಮಾಡಿಸ್ತೀನಿ.”

“ಬೇಡ,” ಎಂದೆ. “ಮುಖ ಕಾಣಲಿ.”