ಮೆಟ್ಟಿಲ ತಿರುವಿನ ಬೆಂಚು

ಉದಗೀರದ ಹೌಸಿಂಗ್ ಸೊಸೈಟಿಯ ಮೂರನೆಯ ಮಹಡಿಗೆ ನಾವು ಬಂದ ವಾರದಲ್ಲೇ ನಾನು ಅದರ ನಿಯಮಾವಳಿಯನ್ನು ಆದ್ಯಂತ ಓದಿದೆ. ನನ್ನ ಪತ್ನಿಗೆ ಮೊಣಕಾಲು ನೋವು, ಲಿಫ್ಟ್ ಇಲ್ಲ. ಮೆಟ್ಟಿಲ ತಿರುವಿನಲ್ಲಿ ಯಾರೋ ಬೆಂಚು ಇಟ್ಟಿದ್ದರು. ಸಭೆಯ ಅನುಮತಿಯಿಲ್ಲದೆ ಅಲ್ಲಿ ಏನನ್ನೂ ಇಡುವಂತಿಲ್ಲ. ಲಿಖಿತ ದೂರು ಕೊಟ್ಟೆ. ಮರುದಿನವೇ ಬೆಂಚನ್ನು ತೆಗೆದರು.

ಸಂಜೆ ಕೆಳಮನೆಯ ಶಾಂತಾಬಾಯಿ ಬಂದರು. ಅವರು ನನ್ನನ್ನು ಗುರೂಜಿ, ನನ್ನ ಪತ್ನಿಯನ್ನು ವೈನಿ ಎನ್ನುತ್ತಾರೆ.

"ಗುರೂಜಿ, ವೈನಿಯವರು ಅರ್ಧಾ ಹತ್ತಿ ಗ್ವಾಡಿ ಹಿಡದು ನಿಲ್ತಿದ್ರು. ಅವರ ಸಲುವಾಗೇ ಇಟ್ಟಿದ್ದೆ. ನಿಮಗೇನು ತ್ರಾಸ ಆತ್ರೀ?"

"ಅನುಮತಿ ತಗೊಂಡಿರಲಿಲ್ಲಲ್ಲ, ಬಾಯಿ?"

"ಕೂಡಲಿಕ್ಕೂ ಅರ್ಜಿ ಹಾಕಬೇಕೇನ್ರೀ?" ಎಂದು ನಕ್ಕರು.

ಹಾಕಬೇಕು. ಈಗ ನಾನೇ ಹಾಕಿದ್ದೇನೆ. ಸಭೆ ಮುಂದಿನ ತಿಂಗಳು. ಅಲ್ಲಿಯವರೆಗೆ ಪತ್ನಿ ಮೆಟ್ಟಿಲ ಮೇಲೆಯೇ ಕುಳಿತು ದಣಿವಾರಿಸಿಕೊಳ್ಳುತ್ತಾಳೆ. ಮೆಟ್ಟಿಲ ಮೇಲೆ ಯಾರೂ ಕೂರಬಾರದೆಂಬ ನಿಯಮವೂ ಇದೆ. ಅದನ್ನು ನಾನು ಇನ್ನೂ ಯಾರಿಗೂ ತೋರಿಸಿಲ್ಲ.